ಕೆಳತುಟಿಯ ಹುಣ್ಣು, ನನ್ನ ಸ್ಯಾಕ್ಸೋಫೋನ್

ಈ ಸಲ ಪತ್ತನಾಜೆಯವರೆಗೆ, ಅಂದರೆ ಮೇ ಕೊನೆಗೆ ನಮ್ಮ ತುಳುನಾಡಿನ ಉತ್ಸವಗಳು ಮುಗಿಯುವ ದಿನದವರೆಗೆ, ಸ್ಯಾಕ್ಸೋಫೋನ್ ಊದುವ ಒಂದೇ ಒಂದು ಕಾರ್ಯಕ್ರಮ ಬಿಡಲಿಲ್ಲ. ಡಿಸೆಂಬರಿನಿಂದ ಲೆಕ್ಕ ಹಾಕಿದರೆ ಸುಮಾರು 70 ಮದುವೆ, ದೇವಸ್ಥಾನಗಳ ನಾಲ್ಕೈದು ಬ್ರಹ್ಮಕಲಶ, ಮತ್ತೆ ರಾತ್ರಿಯ ಭೂತದ ನೇಮಗಳು. ಕೆಳತುಟಿಯಲ್ಲಿ ಒಂದು ಹುಣ್ಣೂ ಏಳಲಿಲ್ಲ. "ನಿನ್ನದು ಉಷ್ಣದ ದೇಹ ಮಾರಾಯ, ವಾದ್ಯ ಬಿಟ್ಟು ತಾಳ ಹಿಡಿ" ಎಂದವರೇ ಈಗ ಫೋನ್ ಮಾಡಿ ಏನು ಮಾಡಿದೆ ಎಂದು ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಅದಕ್ಕೆ ಬರೆದೇ ಬಿಡುತ್ತೇನೆ.

ರೀಡ್ (ಊದುವಾಗ ಅದುರುವ ತೆಳು ಪಟ್ಟಿ), ಅದನ್ನು ಕಟ್ಟುವ ಮೌತ್‌ಪೀಸ್ ಎಲ್ಲ ನಿಮಗೆ ಗೊತ್ತಿದ್ದದ್ದೇ. ಕೆಳತುಟಿಯನ್ನು ಹಲ್ಲಿನ ಮೇಲೆ ಮಡಚಿ ಊದುವವರು ನಾವು. ತುಟಿಯ ಒಳಗಡೆ ಹಲ್ಲಿನ ಗುರುತು ಬೀಳದ ಸ್ಯಾಕ್ಸೋಫೋನಿನವರು ನಮ್ಮ ಕಡೆ ಇಲ್ಲ. ಆದರೆ ನನ್ನದು ಬರೀ ಗುರುತಲ್ಲ. ಸಾಸಿವೆಯಷ್ಟು ಶುರುವಾಗಿ, ಮೂರನೇ ದಿನಕ್ಕೆ ಕಡಲೆಬೇಳೆಯಷ್ಟು ಬಿಳಿ ಗುಂಡಿ, ಸುತ್ತ ಕೆಂಪು. ಒಂದು ಮಾಗಲು ಹತ್ತು ದಿನ. ಅಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು.

ಮೂರು ವರ್ಷದ ಹಿಂದಿನ ಆಟಿಯಲ್ಲಿ (ಜುಲೈ-ಆಗಸ್ಟಿನ ತುಳು ತಿಂಗಳು) ಹೊಗೆಸೊಪ್ಪು ಬಿಟ್ಟೆ. ಹದಿನೈದು ವರ್ಷ ಎಲೆ ಅಡಿಕೆ ಜೊತೆ ಜಗಿದದ್ದು. ಬಿಟ್ಟ ಎರಡನೇ ವಾರಕ್ಕೆ ಒಮ್ಮೆಗೇ ಐದಾರು ಹುಣ್ಣು. ನಾಲಿಗೆಯ ಅಡಿ, ಕೆನ್ನೆ, ತುಟಿ, ಯಾವ ಜಾಗವನ್ನೂ ಬಿಡಲಿಲ್ಲ. ನಮ್ಮ ವಾದ್ಯದ ಸೆಟ್ಟಿನವರಿಗೆ ನಗು. "ಹೊಗೆಸೊಪ್ಪೇ ನಿನಗೆ ಮದ್ದಾಗಿತ್ತು, ಪುನಃ ಹಾಕು." ಅದು ಅರ್ಧ ನಿಜ, ಅದೇ ಕಷ್ಟ. ತಂಬಾಕು ಬಾಯಿಯ ಒಳಚರ್ಮವನ್ನು ದಪ್ಪ ಮಾಡಿಟ್ಟಿರುತ್ತದೆ. ಬಿಟ್ಟ ಮೇಲೆ ಕೆಲವು ವಾರ ಹುಣ್ಣು ಜಾಸ್ತಿ ಏಳುವುದು ಹೊಸದೇನಲ್ಲ ಎಂದು ಹಲ್ಲಿನ ಡಾಕ್ಟರು ಆಮೇಲೆ ಹೇಳಿದರು. ಬಿಳಿ ಮಚ್ಚೆ, ಕ್ಯಾನ್ಸರ್ ಬರುವುದೂ ಅದೇ ತಂಬಾಕಿನಿಂದ. ಬರೀ ಅಡಿಕೆಯೂ ಕಮ್ಮಿಯದಲ್ಲ. ಅಡಿಕೆ ತೋಟದ ಊರಿನಲ್ಲಿ ಕೂತು ಇದನ್ನು ಬರೆದರೆ ಬೈಗಳು ಸಿಗುತ್ತದೆ, ಸಿಗಲಿ.

ಆ ವರ್ಷ ದುಡ್ಡು ಹೋದದ್ದು ಹೇಳುತ್ತೇನೆ. ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲ್ ಡಬ್ಬಿಗಟ್ಟಲೆ ನುಂಗಿದೆ. ಮೂತ್ರ ಹಳದಿಯಾಯಿತು ಬಿಟ್ಟರೆ ಬೇರೆ ವ್ಯತ್ಯಾಸ ಇಲ್ಲ. ಬಾಯಿ ಮುಕ್ಕಳಿಸುವ ಕ್ಲೋರ್‌ಹೆಕ್ಸಿಡಿನ್ ಎರಡು ತಿಂಗಳು ಬಿಡದೆ ಹಾಕಿದೆ. ಹಲ್ಲಿಗೆ ಕಂದು ಬಣ್ಣ ಬಂತು, ಮೀನು ಸಾರಿಗೆ ರುಚಿಯೇ ಇಲ್ಲ. ಬಣ್ಣ ತೆಗೆಸಲು ಪುನಃ 800 ರೂಪಾಯಿ. ರಕ್ತ ಪರೀಕ್ಷೆಗೆ ಎರಡು ಸಾವಿರದ ಹತ್ತಿರ. ಬಿ12 ಸರಿ ಇದೆ, ಕಬ್ಬಿಣದ ಅಂಶ ಸರಿ ಇದೆ. ದಿನಾ ಬಂಗುಡೆ ತಿನ್ನುವವನಿಗೆ ಬಿ12 ಯಾಕೆ ಕಮ್ಮಿಯಾಗುತ್ತದೆ, ಅಲ್ವಾ? ಬಿಟ್ಟ ಕಾರ್ಯಕ್ರಮ ಆರೇಳು. ಒಂದಕ್ಕೆ 3,500 ಹಿಡಿದರೂ 20 ಸಾವಿರ ದಾಟುತ್ತದೆ.

ದೊಡ್ಡ ಮರ್ಯಾದೆ ಹೋದದ್ದು ಬೇರೆಯೇ. ಒಂದು ಮದುವೆಗೆ ಹೊರಡುವಾಗ ತುಟಿ ಉರಿ ತಡೆಯಲಾಗದೆ ಮರಗಟ್ಟಿಸುವ ಜೆಲ್ ಹಚ್ಚಿಕೊಂಡೆ. ಉರಿ ಹೋಯಿತು. ಜೊತೆಗೆ ತುಟಿಯೂ ಹೋಯಿತು. ರೀಡ್ ಎಲ್ಲಿ ಕೂತಿದೆ ಅಂತಲೇ ಗೊತ್ತಾಗುತ್ತಿಲ್ಲ. ಧಾರೆಯ ಹೊತ್ತಿಗೆ "ಗಟ್ಟಿಮೇಳ" ಎಂದು ಭಟ್ಟರು ಕೈ ಎತ್ತಿದರು, ನನ್ನ ವಾದ್ಯದಿಂದ ಕೋಳಿ ಕೂಗಿದಂತೆ ಒಂದು ಕಿರುಚು. ಮದುಮಗ ತಿರುಗಿ ನೋಡಿದ. ಆ ಜೆಲ್ಲನ್ನು ಊದುವ ಮೊದಲು ಯಾರೂ ಮುಟ್ಟಬೇಡಿ.

ಮನೆಮದ್ದು ಬಿಟ್ಟೆನೆಂದು ತಿಳಿಯಬೇಡಿ. ಪೇರಳೆ ಚಿಗುರು ಜಗಿದೆ, ಜಾಜಿ ಎಲೆ ಜಗಿದೆ, ಜೇನು ಹಚ್ಚಿದೆ, ದಾಳಿಂಬೆ ಸಿಪ್ಪೆಯ ತಂಬುಳಿ ಕುಡಿದೆ. ಅತ್ತೆ ಬಸಳೆ ತಂಪು ಎಂದು ವಾರಕ್ಕೆ ಮೂರು ದಿನ ಬಸಳೆ ಮಾಡಿದರು. ಆದರೆ ಅದಕ್ಕೆ ಹಾಕಿದ ಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು. ತಂಬುಳಿ ಹಿತ, ಅಷ್ಟೇ. ಅರ್ಧ ಲೋಟ ಬಿಸಿನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸುವುದು ಇವೆಲ್ಲಕ್ಕಿಂತ ಮೇಲು. ಅದು ಬಿಟ್ಟಿಯಾದ್ದರಿಂದ ಯಾರೂ ನಂಬುವುದಿಲ್ಲ.

ದಾರಿ ತೋರಿಸಿದ್ದು ಹತ್ತು ರೂಪಾಯಿಯ ಪುಸ್ತಕ. ಪ್ರತಿ ಪುಟದಲ್ಲಿ ಬಾಯಿಯ ಚಿತ್ರ ಬಿಡಿಸಿ, ಹುಣ್ಣು ಎದ್ದ ಜಾಗಕ್ಕೆ ಚುಕ್ಕೆ ಹಾಕುತ್ತಾ ಬಂದೆ. ಪಕ್ಕದಲ್ಲಿ ಹಿಂದಿನ ಮೂರು ದಿನದ ಊಟ, ನಿದ್ದೆ, ಎಷ್ಟು ಗಂಟೆ ಊದಿದೆ ಎಂಬ ಲೆಕ್ಕ. ಹೆಂಡತಿಗೆ ಇದೊಂದು ಹುಚ್ಚು. ಎಂಟು ತಿಂಗಳಿಗೆ 22 ಚುಕ್ಕೆ. ಪುಟ ತಿರುವಿ ನೋಡುವಾಗ ಒಂದು ರೋಗ ಕಾಣಲಿಲ್ಲ, ಮೂರು ಕಂಡವು.

ತುಟಿಯ ಚುಕ್ಕೆಗಳೆಲ್ಲ ಒಂದೇ ಜಾಗದಲ್ಲಿ, ಕೆಳಗಿನ ಎರಡು ನಡುಹಲ್ಲಿನ ಎದುರು. ಅದೂ ನಾಲ್ಕು ಗಂಟೆ ಮೀರಿ ಊದಿದ ಮರುದಿನ. ಇನ್ನು ನಾಲಿಗೆಯ ಅಡಿಯ ಚುಕ್ಕೆಗಳಿಗೂ ಊದುವುದಕ್ಕೂ ಸಂಬಂಧವೇ ಇಲ್ಲ, ಮಳೆಗಾಲದಲ್ಲಿ ಮನೆಯಲ್ಲಿ ಕೂತಾಗಲೂ ಇವೆ. ಮೂರನೆಯದು ನಾಲಿಗೆಯ ಬಲ ಅಂಚಿನದು. ಒಂದೇ ಚುಕ್ಕೆ, ಆದರೆ ಮೂರು ವಾರವಾದರೂ ಹೋಗದ್ದು.

ಆ ಮೂರನೆಯದಕ್ಕೆ ನಿಜವಾಗಿ ಹೆದರಿದೆ. ಹೊಗೆಸೊಪ್ಪು ತಿಂದ ಬಾಯಿ. ಹಲ್ಲಿನ ಡಾಕ್ಟರಮ್ಮ ಬೆರಳಿಟ್ಟು ಒತ್ತಿ ನೋಡಿದರು. ದವಡೆ ಹಲ್ಲಿನ ಒಂದು ಮೂಲೆ ಒಡೆದು ಚೂಪಾಗಿ ನಾಲಿಗೆಗೆ ತಾಗುತ್ತಿತ್ತು. ಅದನ್ನು ಉಜ್ಜಿ ನಯ ಮಾಡಿದರು, 400 ರೂಪಾಯಿ. "ಎರಡು ವಾರ ನೋಡುವಾ. ಹೋಗದಿದ್ದರೆ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು" ಎಂದರು. ಆ ಎರಡು ವಾರ ದಿನಕ್ಕೆ ಹತ್ತು ಸಲ ಕನ್ನಡಿ ನೋಡಿದ್ದೇನೆ. ಹನ್ನೊಂದನೇ ದಿನಕ್ಕೆ ಮುಚ್ಚಿಕೊಂಡಿತು. ನಿಮ್ಮಲ್ಲಿ ಯಾರಿಗಾದರೂ ಮೂರು ವಾರ ದಾಟಿದ ಹುಣ್ಣು ಇದ್ದರೆ, ನೋವಿಲ್ಲದಿದ್ದರೆ ಇನ್ನೂ ಬೇಗ, ನನ್ನ ಬರಹ ಅರ್ಧಕ್ಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಇನ್ನು ತುಟಿ. ಮೊದಲು ರೀಡ್ ಬದಲಿಸಿದೆ, ಗಟ್ಟಿಯಾದ ಮೂರನೇ ನಂಬರಿನಿಂದ ಮೆದುವಾದ ಎರಡಕ್ಕೆ. ಒತ್ತಡ ಕಮ್ಮಿಯಾಯಿತು, ಆದರೆ ನಾದ ತೆಳ್ಳಗೆ, ಡೋಲಿನ ಎದುರು ಕೇಳುವುದೇ ಇಲ್ಲ. ಆಮೇಲೆ ಸಿಗರೇಟು ಸುತ್ತುವ ಕಾಗದವನ್ನು ಮಡಚಿ ಕೆಳಹಲ್ಲಿನ ಮೇಲೆ ಇಟ್ಟೆ. ತಂಬಾಕು ಬಿಟ್ಟವನು ಗೂಡಂಗಡಿಗೆ ಹೋಗಿ ಆ ಕಾಗದ ಕೇಳಿದರೆ ಊರಿಡೀ ಸುದ್ದಿ! ಕೆಲಸವೇನೋ ಮಾಡುತ್ತದೆ, ಆದರೆ ಅರ್ಧ ಗಂಟೆಗೆ ಕರಗಿ ಗಂಟಲಿಗೆ ಹೋಗುತ್ತದೆ. ಕೊನೆಗೆ ಅದೇ ಡಾಕ್ಟರಮ್ಮನಲ್ಲಿ ಕೆಳಗಿನ ಆರು ಹಲ್ಲಿಗೆ ಅಳತೆ ತೆಗೆಸಿ ಪ್ಲಾಸ್ಟಿಕ್ ಕವರ್ ಮಾಡಿಸಿದೆ. ಮೊದಲನೆಯದು ದಪ್ಪ. ಶ್ರುತಿ ಇಳಿಯಿತು, ಬಾಯಿಯಲ್ಲಿ ಬೇರೆಯವರ ಹಲ್ಲು ಇಟ್ಟಂತೆ. 1,500 ರೂಪಾಯಿ ನೀರಿಗೆ ಹಾಕಿದ ಹಾಗೆ. ಎರಡನೆಯದು ತೆಳುವಾದ ಹಾಳೆಯದು, ನನ್ನ ಕಿರಿಕಿರಿ ನೋಡಿ ಸಾವಿರಕ್ಕೇ ಮಾಡಿಕೊಟ್ಟರು. ಹದಿನೈದು ದಿನ ಮನೆಯಲ್ಲೇ ಅಭ್ಯಾಸ ಮಾಡಿದ ಮೇಲೆ ತುಟಿ ಒಪ್ಪಿತು. ಆ ಕವರಿನ ಮೇಲಂಚಿಗೆ ನಾನೊಂದು ಕೆಲಸ ಮಾಡಿದ್ದೇನೆ, ನಾದ ತೆರೆದುಕೊಂಡದ್ದು ಅದರಿಂದಲೇ. ಅದನ್ನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದರೆ ತೋರಿಸುತ್ತೇನೆ.

ನಾಲಿಗೆಯ ಅಡಿಯದ್ದಕ್ಕೆ ಕಾರಣ ಟೂತ್‌ಪೇಸ್ಟ್ ಎಂದು ನಾನು ಹೇಳಿದಾಗ ನಂಬಿದವರು ಯಾರೂ ಇಲ್ಲ. ನೊರೆ ಬರಿಸಲು ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಕೆಲವರ ಬಾಯಿಗೆ ಆಗುವುದಿಲ್ಲ. ಭೂತಗನ್ನಡಿ ಹಿಡಿದು ಅಂಗಡಿಯ ಪೇಸ್ಟುಗಳನ್ನೆಲ್ಲ ಓದಿದೆ. ಅದಿಲ್ಲದ್ದು ಸಿಕ್ಕಿತು, ಬೆಲೆ ಮೂರು ಪಟ್ಟು, ನೊರೆ ಇಲ್ಲ. "ಹಲ್ಲುಜ್ಜಿದ ಹಾಗೇ ಇಲ್ಲ" ಎಂದು ಹೆಂಡತಿಯ ದೂರು. ಒಂದೂವರೆ ತಿಂಗಳಲ್ಲಿ ನಾಲಿಗೆಯ ಅಡಿಯ ಚುಕ್ಕೆ ನಿಂತಿತು. ಅಲ್ಲಿಗೆ ಬಿಡಬಹುದಿತ್ತು. ಆದರೆ ನನಗೆ ಹಟ, ಬೇಕೆಂದೇ ಒಂದು ತಿಂಗಳು ಹಳೆಯದಕ್ಕೆ ಹೋದೆ. ಎರಡು ಹುಣ್ಣು ಎದ್ದವು. ಪುನಃ ಹೊಸದು, ಪುನಃ ಶಾಂತಿ. ಓದಿದವರೂ ಇಷ್ಟು ತಾಳ್ಮೆಯಿಂದ ಪರೀಕ್ಷೆ ಮಾಡಲಿಕ್ಕಿಲ್ಲ! ಎಲ್ಲರಿಗೂ ಇದೇ ಕಾರಣ ಎಂದು ಹೇಳುತ್ತಿಲ್ಲ, ನನಗೆ ಇದಾಗಿತ್ತು.

ನಮ್ಮ ಡೋಲಿನವರದು ಬೇರೆ ಕತೆ. ಅವರು ಶುದ್ಧ ಸಸ್ಯಾಹಾರಿ. ಹಾಲು ಮೊಸರೂ ಅಷ್ಟಕ್ಕಷ್ಟೆ. ಹುಣ್ಣಿನ ಜೊತೆ ಕೈ ಜೋಮು ಹಿಡಿಯುತ್ತದೆ ಎನ್ನುತ್ತಿದ್ದರು. ನಾನೇ ಹಿಂಸೆ ಮಾಡಿ ಪರೀಕ್ಷೆಗೆ ಕಳಿಸಿದೆ. ಬಿ12 130ರ ಸುಮಾರು, 200ರ ಮೇಲೆ ಇರಬೇಕಾದದ್ದು. ಇಂಜೆಕ್ಷನ್, ಆಮೇಲೆ ಮಾತ್ರೆ. ಮೂರು ತಿಂಗಳಲ್ಲಿ ಬಾಯಿ ಸರಿಯಾಯಿತು. ಇಸ್ರೇಲಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಿ12 ಸರಿ ಇದ್ದವರಿಗೂ ಆ ಮಾತ್ರೆ ಕೆಲಸ ಮಾಡಿತಂತೆ, ಆರು ತಿಂಗಳು ದಿನಾ 1,000 ಮೈಕ್ರೊಗ್ರಾಂ. ಅದನ್ನು ಕೇಳಿ ನಾನೂ ಎರಡು ತಿಂಗಳು ನುಂಗಿದೆ, ಬೇಸರ ಬಂದು ಬಿಟ್ಟೆ.

ಈಗಲೂ ಹುಣ್ಣು ಬರುವುದೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ರಾತ್ರಿ ನಿದ್ದೆಗೆಟ್ಟು ನೇಮ ಮುಗಿಸಿ ಬಂದರೆ ಕೆನ್ನೆಯೊಳಗೆ ಒಂದು ಚುರುಚುರು. ಆ ಹೊತ್ತಿಗೇ ಡಾಕ್ಟರು ಬರೆದುಕೊಟ್ಟ ಟ್ರಯಾಮ್ಸಿನೊಲೋನ್ ಪೇಸ್ಟ್, ಹುಣ್ಣಿಗೆ ಹಚ್ಚುವ ಸ್ಟಿರಾಯ್ಡ್ ಮದ್ದು. ಮೊದಲು ಹತ್ತಿಯಿಂದ ಜಾಗ ಒರೆಸಿ ಒಣಗಿಸಿ, ಮಲಗುವ ಮುಂಚೆ ಚುಕ್ಕೆಯಷ್ಟು ಒತ್ತಿ ಇಡಬೇಕು. ನಾನು ಒಂದು ವರ್ಷ ತಿಕ್ಕುತ್ತಿದ್ದೆ, ತಿಕ್ಕಿದರೆ ಅದು ಮರಳಿನ ಹಾಗೆ ಉದುರಿ ಹೋಗುತ್ತದೆ. ಒಳಗೆ ಗುಂಡಿಯಾದ ಮೇಲೆ ಹಚ್ಚಿದಾಗ ನನಗೆ ಅಷ್ಟು ಗುಣ ಕಾಣಲಿಲ್ಲ.

ಈಚಿನ ಒಂಬತ್ತು ತಿಂಗಳಿನಲ್ಲಿ ಪುಸ್ತಕದಲ್ಲಿ ಮೂರೇ ಚುಕ್ಕೆ, ತುಟಿಯ ಜಾಗ ಖಾಲಿ. ಕವರ್ ಮಾತ್ರ ನಡುವೆ ಕಚ್ಚಿ ಕಚ್ಚಿ ತೂತು ಬಿದ್ದಿದೆ. ಆಟಿ ಮುಗಿಯುವ ಮೊದಲು ಇನ್ನೊಂದು ಮಾಡಿಸಬೇಕು. ಈ ಸಲ ಡೋಲಿನವರ ತಮ್ಮನೂ ಅಳತೆ ಕೊಡಲು ಜೊತೆಗೆ ಬರುತ್ತಾನಂತೆ. ಕಳೆದ ವರ್ಷ ಹೆಚ್ಚು ನಕ್ಕವನೇ ಅವನು.