ಇಂಡಿಯನ್ ಸಿಟಿಜನ್‌ಶಿಪ್ ಬಿಡೋದು ಹೇಗೆ, ಬಿಡೋ ಮುಂಚೆ ಏನೇನು ನೋಡ್ಕೋಬೇಕು

"ಹುಟ್ತಾನೇ ಬಂದಿದ್ದು, ಅದನ್ನ ಹೆಂಗೇ ಬಿಡೋಕಾಗತ್ತೆ?" ಅಕ್ಕ ನ್ಯೂಜೆರ್ಸಿಲಿ ಅಮೆರಿಕದ ಸಿಟಿಜನ್ ಆಗೋ ಪ್ರಮಾಣ ತಗೊಂಡ ವಾರ ನಮ್ಮಮ್ಮ ಕೇಳಿದ್ದು ಇದು. ಆಗತ್ತೆ. ಅರ್ಜೆಂಟೀನಾದಲ್ಲಿ ಹುಟ್ಟಿದವ್ರು ಬೇಡ ಅಂದ್ರೂ ಬಿಡಂಗಿಲ್ಲ, ನಮ್ಮಲ್ಲಿ 1955ರ ಪೌರತ್ವ ಕಾಯ್ದೆಲೇ ದಾರಿ ಇದೆ. 2023ರಲ್ಲಿ 2,16,219 ಜನ ಬಿಟ್ಟಿದಾರೆ ಅಂತ ಸರ್ಕಾರನೇ ಪಾರ್ಲಿಮೆಂಟಲ್ಲಿ ಹೇಳಿದೆ.

ಮೊದ್ಲು ನಿಮ್ಮದು ಯಾವ ಕೇಸು ಅಂತ ನೋಡ್ಕೊಳ್ಳಿ, ಎಲ್ರೂ ಎಡವೋದು ಇಲ್ಲೇ. ಆ ಕಾಯ್ದೆಯ ಸೆಕ್ಷನ್ 8 ಅಂದ್ರೆ ನೀವಾಗೇ ಡಿಕ್ಲರೇಷನ್ ಕೊಟ್ಟು ಬಿಡೋದು. 18 ತುಂಬಿರ್ಬೇಕು, ಅದು ರಿಜಿಸ್ಟರ್ ಆದ್ಮೇಲಷ್ಟೇ ಪೌರತ್ವ ಹೋಗೋದು. ಸೆಕ್ಷನ್ 9 ಕಥೆನೇ ಬೇರೆ, ನೀವಾಗೇ ಇಷ್ಟಪಟ್ಟು ಇನ್ನೊಂದು ದೇಶದ ಪೌರತ್ವ ತಗೊಂಡ್ರಿ ಅಂದ್ರೆ ಆ ಕ್ಷಣಕ್ಕೇ ನಮ್ಮದು ತಾನಾಗೇ ಹೋಯ್ತು, ಇಲ್ಲಿ ಯಾವ ಕಾಗದಕ್ಕೂ ಸೈನ್ ಹಾಕ್ದೇ ಇದ್ರೂ ಹೋಯ್ತು. ಅಕ್ಕಂದು ಇದೇ. ಆಮೇಲೆ ಮಾಡ್ಸೋ ರಿನನ್ಸಿಯೇಷನ್ (ಪೌರತ್ವ ಬಿಟ್ಟ) ಸರ್ಟಿಫಿಕೇಟು ಹೋಗಿರೋದಕ್ಕೆ ಪುರಾವೆ ಅಷ್ಟೆ, ಆದ್ರೆ ಅದಿಲ್ದೆ ಓಸಿಐ ಕಾರ್ಡಿಗೆ (ಬೇರೆ ದೇಶದ ಪ್ರಜೆ ಆಗಿರೋ ಭಾರತೀಯ ಮೂಲದವ್ರಿಗೆ ನಮ್ಮ ಸರ್ಕಾರ ಕೊಡೋ ಕಾರ್ಡು) ಅರ್ಜಿ ಮುಂದೆ ಹೋಗಲ್ಲ.

ಅರ್ಜಿ ಫಾರಂ 22, ಕೇಂದ್ರ ಗೃಹ ಇಲಾಖೆಯ ಪೌರತ್ವದ ವೆಬ್‌ಸೈಟಲ್ಲಿ ತುಂಬಿ ಪ್ರಿಂಟ್ ತಗೋಬೇಕು. ಊರಲ್ಲೇ ಇರೋರು ಡಿಸಿ ಆಫೀಸಿಗೆ ಕೊಡ್ಬೇಕು, ಹೊರದೇಶದಲ್ಲಿರೋರು ಇಂಡಿಯನ್ ಎಂಬಸಿ ಇಲ್ಲಾ ಕಾನ್ಸುಲೇಟಿಗೆ, ಅಮೆರಿಕದಲ್ಲಾದ್ರೆ ಅರ್ಜಿ ತಗೊಳ್ಳೋ ಖಾಸಗಿ ಕಂಪನಿ ವಿಎಫ್‌ಎಸ್ ಮೂಲಕ. ಜೊತೆಗೆ ಕೊನೇ ಇಂಡಿಯನ್ ಪಾಸ್‌ಪೋರ್ಟ್ ಒರಿಜಿನಲ್ಲೇ ಹೋಗ್ಬೇಕು, ಹೊಸ ದೇಶದ ಪಾಸ್‌ಪೋರ್ಟ್ ಮತ್ತೆ ನ್ಯಾಚುರಲೈಸೇಷನ್ (ಅಲ್ಲಿನ ಪೌರತ್ವ ಸಿಕ್ಕಿದ) ಸರ್ಟಿಫಿಕೇಟಿಂದು ಜೆರಾಕ್ಸು. ಫೀಸು ಆಗಾಗ ಬದಲಾಗತ್ತೆ, ಕಟ್ಟೋ ದಿನ ನೋಡ್ಕೊಳ್ಳಿ.

ಇಲ್ಲಿ ನಮ್ಮ ಕಡೆಯೋರಿಗೇ ಅಂತ ಇರೋ ತಲೆನೋವು ಹೆಸರು. ಅಕ್ಕನ ಹಳೇ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ, ಅಪ್ಪನ ಇನಿಷಿಯಲ್ ಮಾರ್ಕ್ಸ್ ಕಾರ್ಡಲ್ಲಷ್ಟೇ ಇತ್ತು. ಅಮೆರಿಕದ ವೀಸಾದಲ್ಲಿ ಇದ್ದ ಒಂದೇ ಹೆಸರನ್ನ ಸರ್‌ನೇಮ್ ಮಾಡಿ ಮುಂದೆ ಎಫ್‌ಎನ್‌ಯು ಅಂತ ಹಾಕಿದ್ರು, ಫಸ್ಟ್ ನೇಮ್ ಅನ್‌ನೋನ್ ಅಂತೆ, ಇಪ್ಪತ್ತೈದು ವರ್ಷ ನಾವು ಕೂಗಿದ ಹೆಸರು ಅವ್ರಿಗೆ ಅನ್‌ನೋನ್! ಸಿಟಿಜನ್ ಆಗೋವಾಗ ಭಾವನ ಮನೆ ಹೆಸರು ಸೇರಿಸ್ಕೊಂಡ್ಲು. ಎರಡು ಪಾಸ್‌ಪೋರ್ಟಲ್ಲಿ ಎರಡು ಹೆಸರು, ಕಳ್ಸಿದ ಕವರು ಹಂಗೇ ವಾಪಸ್ ಬಂತು. ಆಮೇಲೆ ಮದುವೆ ಸರ್ಟಿಫಿಕೇಟು, ಹೆಸರು ಬದಲಾದ ಅಫಿಡವಿಟ್ಟು ಎಲ್ಲಾ ಸೇರಿಸಿ ಕಳ್ಸಿದ್ಮೇಲೆ ಆಯ್ತು. ನೀವು ಇವನ್ನ ಮೊದಲ ಸಲನೇ ಇಟ್ಬಿಡಿ.

ಹಳೇ ಪಾಸ್‌ಪೋರ್ಟಿಗೆ ಇನ್ನೂ ನಾಲ್ಕು ವರ್ಷ ವ್ಯಾಲಿಡಿಟಿ ಇದೆ, ಒಂದ್ಸಲ ಊರಿಗೆ ಹೋಗಿ ಬಂದು ಕೊಟ್ರಾಯ್ತು ಅಂದ್ಕೋಬೇಡಿ. ಪ್ರಮಾಣ ಆದ್ಮೇಲೆ ಅದನ್ನ ಬಳ್ಸೋದು ಅಪರಾಧ, ದಂಡ ಬೀಳತ್ತೆ. ಅರ್ಜೆಂಟಿದ್ರೆ ಹೊಸ ಪಾಸ್‌ಪೋರ್ಟಲ್ಲಿ ವೀಸಾ ಹಾಕ್ಸಿ ಬನ್ನಿ.

ಇಂಡಿಯಾದಲ್ಲೇ ಕೂತು, ಕೈಲಿ ಇನ್ನೊಂದು ದೇಶ ಇಲ್ದೆ, ವ್ಯವಸ್ಥೆ ಮೇಲೆ ಸಿಟ್ಟು ಬಂದು ಬಿಡ್ತೀನಿ ಅನ್ನೋರಿಗೆ ನನ್ನ ಮಾತು ಒಂದೇ, ಬೇಡ. ಫಾರಮ್ಮಲ್ಲೇ ಯಾಕೆ ಬೇರೆ ಪೌರತ್ವ ತಗೋತಿದೀರ ಅಂತ ಕೇಳ್ತಾರೆ. ಯಾವ ದೇಶದವ್ರೂ ಅಲ್ದೇ ಹೋದ್ರೆ ಪಾಸ್‌ಪೋರ್ಟ್ ಕೊಡೋಕೆ ಯಾರೂ ಇರಲ್ಲ.

ಮಕ್ಕಳ ವಿಷ್ಯ ಸರಿಯಾಗಿ ಓದಿ. ಸೆಕ್ಷನ್ 8ರಲ್ಲಿ ಅಪ್ಪ ಅಮ್ಮ ಪೌರತ್ವ ಬಿಟ್ಟಾಗ ಅಪ್ರಾಪ್ತ ಮಕ್ಕಳದೂ ಹೋಗತ್ತೆ, ಆದ್ರೆ ಅವ್ರಿಗೆ 18 ತುಂಬಿ ಒಂದು ವರ್ಷದೊಳಗೆ ವಾಪಸ್ ಬೇಕು ಅಂತ ಡಿಕ್ಲರೇಷನ್ ಕೊಡ್ಬಹುದು. ಅಪ್ಪ ಅಮ್ಮಂದು ಸೆಕ್ಷನ್ 9ರಲ್ಲಿ ಹೋಗಿದ್ರೆ ಆ ಬಾಗಿಲು ಇಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು.

ಇನ್ನು ಜಮೀನು. ಓಸಿಐ ಇದ್ರೆ ಸೈಟು ಫ್ಲಾಟು ತಗೋಬಹುದು, ಹೊಲ ತೋಟ ಕೊಂಡ್ಕೊಳಂಗಿಲ್ಲ. ಅಪ್ಪನ ಕಡೆಯಿಂದ ಪಿತ್ರಾರ್ಜಿತವಾಗಿ ಬಂದ್ರೆ ಇಟ್ಕೋಬಹುದು, ಮಾರೋದಾದ್ರೆ ಇಲ್ಲೇ ಇರೋ ಭಾರತೀಯ ಪ್ರಜೆಗೇ ಮಾರ್ಬೇಕು. ಬ್ಯಾಂಕಲ್ಲಿ ಮಾಮೂಲಿ ಸೇವಿಂಗ್ಸ್ ಅಕೌಂಟ್ ಇದ್ರೆ ಎನ್ಆರ್‌ಒ (ಹೊರದೇಶದಲ್ಲಿರೋರಿಗೆ ಅಂತ ಇರೋ ಅಕೌಂಟು) ಮಾಡಿಸ್ಕೊಳ್ಳಿ.

ಎಲ್ರೂ ಮರೆಯೋದು ವೋಟರ್ ಲಿಸ್ಟು. ಓಟು ಹಾಕೋ ಹಕ್ಕು ಹೋಗಿರತ್ತೆ, ಫಾರಂ 7 ಕೊಟ್ಟು ಹೆಸರು ತೆಗೆಸ್ಬೇಕು. ನಮ್ಮನೇಲಿ ವೋಟರ್ ಲಿಸ್ಟ್ ಚೆಕ್ ಮಾಡೋ ಬಿಎಲ್ಒ (ಬೂತ್ ಲೆವೆಲ್ ಆಫೀಸರ್) ಮೇಡಂ ಬಂದು "ಮಗಳು ಇದಾರಾ?" ಅಂದ್ರೆ ಅಮ್ಮ "ದೀಪಾವಳಿಗೆ ಬರ್ತಾಳೆ" ಅಂದು ಟಿಕ್ ಹಾಕಿಸಿ ಕಳ್ಸಿದಾರೆ, ಈಗ ಆ ಫಾರಂ ನಾನು ತುಂಬ್ತಾ ಕೂತಿದೀನಿ.