ಸಂಚಾಲಕಿ ಆಗ್ತೀನಿ ಅಂತ ನಾನೇ ಕೇಳಿದ್ದು

ಗದಗಿನ ಸಭೆಯಲ್ಲಿ ನಮ್ಮ ಗ್ರಂಥಪಾಲಕರ ಸಂಘದ ಸಂಚಾಲಕರು, ‘ಮೇ ತಿಂಗಳಿಗೆ ನನ್ನ ರಿಟೈರ್‌ಮೆಂಟ್. ಮುಂದ ಯಾರರೆ ನೋಡ್ಕೋರಿ’ ಅಂದರು. ಎಲ್ಲರೂ ಚಹಾ ಕಪ್ಪಿನೊಳಗೆ ಏನೋ ಬಿದ್ದವರಂತೆ ಬಗ್ಗಿ ನೋಡಿದರು. ನಾನೂ ನೋಡಿದೆ. ಆ ಕೆಲಸ ನನಗೆ ಬೇಕಿತ್ತು, ಬಾಯಿ ಮಾತ್ರ ಬರಲಿಲ್ಲ. ಹುಬ್ಬಳ್ಳಿ ಬಸ್ಸು ಅಣ್ಣಿಗೇರಿ ದಾಟುವ ಹೊತ್ತಿಗೆ ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ನಮ್ಮದು ದೊಡ್ಡ ಸಂಘವೇನಲ್ಲ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಕಾಲೇಜು ಗ್ರಂಥಪಾಲಕರು, ಪುಸ್ತಕಗಳ ಪಟ್ಟಿ, ಕೊಡು-ತಗೊಳ್ಳುವ ಲೆಕ್ಕ ಎಲ್ಲ ನೋಡಿಕೊಳ್ಳುವ ಕೋಹಾ ಅನ್ನುವ ಗ್ರಂಥಾಲಯ ಸಾಫ್ಟ್‌ವೇರ್ ಬಳಸುವವರು. ನೋಂದಣಿ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ವರ್ಷಕ್ಕೆ ಮೂರು ಸಲ ಸೇರುತ್ತೇವೆ. ಯಾರದಾದರೂ ಸರ್ವರ್ ಕೈ ಕೊಟ್ಟರೆ ಉಳಿದವರಿಗೆ ಫೋನ್ ಹೋಗುತ್ತದೆ. ಸಂಚಾಲಕರಿಗೆ ಸಂಬಳವೂ ಇಲ್ಲ, ಕುರ್ಚಿಯೂ ಇಲ್ಲ. ಆದರೂ ಅದಕ್ಕೆ ಆಸೆ ಪಡಬಹುದು ಅಂತ ಒಪ್ಪಿಕೊಳ್ಳೋಕೆ ನನಗೆ ಎರಡು ವಾರ ಬೇಕಾಯಿತು.

ಯಾಕಂದರೆ ನಮ್ಮ ಕಡೆ ಒಂದು ರೂಢಿ ಇದೆ. ಕೊಟ್ಟರೆ ಒಂದೆರಡು ಸಲ ಬೇಡ ಬೇಡ ಅಂದು ತಗೊಳ್ಳಬೇಕು. ತಾನಾಗಿ ಕೇಳಬಾರದು. ಹೆಣ್ಣುಮಕ್ಕಳಂತೂ ಕೇಳಲೇಬಾರದು. ನನ್ನ ಧೈರ್ಯಕ್ಕೆ ಬಂದದ್ದು ಕೋಹಾದವರದೇ ಪದ್ಧತಿ. ಕೋಹಾದ ಹೊಸ ಆವೃತ್ತಿ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ ಬರುತ್ತದೆ. ಪ್ರತಿ ಸಲವೂ ರಿಲೀಸ್ ಮ್ಯಾನೇಜರ್ ಯಾರು, ಕೈಪಿಡಿ ಯಾರು ನೋಡುತ್ತಾರೆ, ಅನುವಾದ ಯಾರು, ಗುಣಮಟ್ಟ ಪರೀಕ್ಷೆ ಯಾರು ಅಂತ ಒಂದು ಪಟ್ಟಿ ತೆರೆದಿಡುತ್ತಾರೆ. ಕೆಲಸ ಬೇಕಾದವರು ತಮ್ಮ ಹೆಸರು ತಾವೇ ಬರೆಯುತ್ತಾರೆ. ಆಮೇಲೆ ಸಭೆಯಲ್ಲಿ ಮತ. ‘ನಾನು ಮಾಡ್ತೀನಿ’ ಅಂದವರನ್ನು ಅಲ್ಲಿ ಯಾರೂ ಆಸೆಬುರುಕ ಅನ್ನುವುದಿಲ್ಲ.

ಈ ಸಾಫ್ಟ್‌ವೇರ್ ಹುಟ್ಟಿದ ಕಥೆಯೂ ಹಾಗೇ ಇದೆ. ನ್ಯೂಜಿಲೆಂಡಿನ ಹೊರೊಫೆನುವಾ ಅನ್ನುವ ಕಡೆಯ ಗ್ರಂಥಾಲಯದವರ ಹಳೆ ಸಾಫ್ಟ್‌ವೇರ್ 2000ನೇ ಇಸವಿ ದಾಟುವಂತಿರಲಿಲ್ಲ. 1999ರಲ್ಲಿ ಕಟಿಪೊ ಅನ್ನುವ ಕಂಪನಿಯಿಂದ ಹೊಸದು ಬರೆಸಿದರು. 2000ದ ಜನವರಿಯಲ್ಲಿ ಬಳಸಲು ಶುರು ಮಾಡಿದರು. ಆಮೇಲೆ ಎಲ್ಲರಿಗೂ ಬಿಟ್ಟುಕೊಟ್ಟರು. ಮಾವೊರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ, ಆದರೆ ತಗೊಂಡವರು ಮುಂದೊಮ್ಮೆ ತಿರುಗಿ ಕೊಡಬೇಕಾದಂಥದ್ದು. ನಮ್ಮಲ್ಲಿ ಮದುವೆ ಮನೆಯಲ್ಲಿ ಮುಯ್ಯಿ ಅಂತೀವಲ್ಲ, ಅದೇ.

ಗದಗಿನ ಹಿರಿಯರೊಬ್ಬರಿಗೆ ಫೋನ್ ಮಾಡಿ, ‘ಸರ್, ಸಂಚಾಲಕಿ ಆಗಬೇಕು ಅಂತ ನನಗ ಮನಸೈತ್ರಿ’ ಅಂದುಬಿಟ್ಟೆ. ಸ್ವಲ್ಪ ಹೊತ್ತು ಸದ್ದಿಲ್ಲ. ‘ಆಗ್ರಲ್ಲಾ ಮತ್ತ. ಒಂದು ಹಾಳಿ ಬರದು ಕಳಸ್ರಿ, ಎಲ್ಲಾರಿಗೂ ಓದಿ ಹೇಳೂಣು’ ಅಂದರು.

ಬರೆದೆ. ಗ್ರಂಥಾಲಯ ವಿಜ್ಞಾನದ ಎಂ.ಲಿಬ್ ಯಾವ ವರ್ಷ, ಯಾವ ದರ್ಜೆ, ಎಷ್ಟು ಕಾರ್ಯಾಗಾರ, ಎಷ್ಟು ಪ್ರಬಂಧ. ಮೂರು ದಿನ ಬಿಟ್ಟು ಅವರು ಆ ಹಾಳೆಯನ್ನು ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಹೊಡೆದು, ಫೋಟೋ ತೆಗೆದು ಕಳಿಸಿದರು. ಆಮೇಲೆ ಫೋನ್. ‘ಮೇಡಂ, ಇದು ಇಂಟರ್‌ವ್ಯೂಕ್ಕ ಬರದಂಗೈತ್ರಿ. ನಿಮ್ಮ ಮಾರ್ಕ್ಸ್ ತಗೊಂಡು ನಾವೇನ್ ಮಾಡೂಣು? ನಮ್ಮದು ಯಾವ ಕೆಲಸ ಮಾಡಿಕೊಡ್ತೀರಿ, ಅದನ್ನ ಬರೀರಿ.’

ಆಗ ಬೇಜಾರಾಯಿತು. ಆದರೆ ನಿಜವಾದ ಉತ್ತರ ನನ್ನ ಕೌಂಟರಿನಲ್ಲೇ ಇತ್ತು. ಅದಕ್ಕೆ ಸ್ವಲ್ಪ ದಿನ ಮುಂಚೆ ಬಿ.ಎ. ಕೊನೆ ವರ್ಷದ ಹುಡುಗಿ ಬಂದು, ‘ಮೇಡಂ, ಅಂಬಿಕಾತನಯದತ್ತರ ಪುಸ್ತಕ ಒಂದs ತೋರಸಾಕತ್ತೈತ್ರಿ ಕಂಪ್ಯೂಟರಿನ್ಯಾಗ’ ಅಂದಿದ್ದಳು. ಅವಳ ಬೆನ್ನ ಹಿಂದೆ ಒಂದು ರ‍್ಯಾಕ್ ತುಂಬ ಬೇಂದ್ರೆ ಇದ್ದರು! ಡೇಟಾ ತೆಗೆದು ನೋಡಿದರೆ ಒಂದು ಕಡೆ ‘ಬೇಂದ್ರೆ, ದ.ರಾ.’, ಇನ್ನೊಂದು ಕಡೆ ‘ದ.ರಾ. ಬೇಂದ್ರೆ’, ಮತ್ತೊಂದು ಕಡೆ ‘ಅಂಬಿಕಾತನಯದತ್ತ’. ಒಬ್ಬರೇ ಕವಿ, ಕಂಪ್ಯೂಟರಿಗೆ ಮೂವರು. ಸಾಧನಕೇರಿಯಿಂದ ಇಪ್ಪತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಕೂತು ನಾವು ಮಾಡಿಟ್ಟ ಕೆಲಸ ಇದು.

ಅವತ್ತೇ ಸರಿ ಮಾಡಿದ್ದೆ. ಅದನ್ನು ಮಾಡುವ ಬಗೆ ಕೋಹಾದಲ್ಲಿ ಇದೆ, ಆದರೆ ನಮ್ಮಲ್ಲಿ ಬಹಳ ಜನ ಮುಟ್ಟುವುದಿಲ್ಲ. ಅಥಾರಿಟಿ ಅಂತ ಒಂದು ವಿಭಾಗ, ಹೆಸರುಗಳನ್ನು ಒಂದೇ ರೂಪಕ್ಕೆ ತರುವುದಕ್ಕೆ ಇರುವಂಥದ್ದು. ಅಲ್ಲಿ ಒಬ್ಬ ಲೇಖಕರಿಗೆ ಒಂದೇ ದಾಖಲೆ ಮಾಡಬೇಕು. ದಾಖಲೆಯ ಖಾನೆಗಳಿಗೆ, ಅಂದರೆ ಫೀಲ್ಡುಗಳಿಗೆ, ನಂಬರ್ ಇರುತ್ತದೆ. ಮುಖ್ಯ ಹೆಸರು 100ನೇ ಫೀಲ್ಡಿನಲ್ಲಿ. ಉಳಿದ ಹೆಸರು, ಕಾವ್ಯನಾಮ ಎಲ್ಲ 400ನೇ ಫೀಲ್ಡಿನಲ್ಲಿ, ಒಂದೊಂದಕ್ಕೂ ಬೇರೆ ಬೇರೆ ಸಾಲು. ಪುಸ್ತಕಗಳ ದಾಖಲೆಯನ್ನು ಅದಕ್ಕೆ ಜೋಡಿಸಬೇಕು. ಇಷ್ಟಕ್ಕೇ ನಿಲ್ಲಿಸಿದರೆ ಹುಡುಗಿಗೆ ಮತ್ತೆ ಪುಸ್ತಕ ಸಿಗುವುದಿಲ್ಲ. ಸಿಸ್ಟಮ್ ಪ್ರಿಫರೆನ್ಸ್ ಅನ್ನುವ ಸೆಟ್ಟಿಂಗಿನಲ್ಲಿ ‘ಇನ್‌ಕ್ಲೂಡ್ ಸೀ ಫ್ರಮ್ ಇನ್ ಸರ್ಚಸ್’ ಅಂತ ಇದೆ, ಅಂದರೆ 400ನೇ ಫೀಲ್ಡಿನ ಹೆಸರಿನಿಂದಲೂ ಹುಡುಕಲು ಬಿಡುವುದು. ಅದನ್ನು ಆನ್ ಮಾಡಿ, ಹುಡುಕಾಟದ ಇಂಡೆಕ್ಸ್ ಮತ್ತೆ ಪೂರ್ತಿ ಕಟ್ಟಬೇಕು. ಈ ಕೊನೆಯ ಹೆಜ್ಜೆ ಗೊತ್ತಿಲ್ಲದೆ ನಾನು ಒಂದು ಮಧ್ಯಾಹ್ನ ಪೂರ್ತಿ ತಲೆ ಕೆರೆದುಕೊಂಡಿದ್ದೆ.

ಎರಡನೇ ಹಾಳೆ ಬರೆಯುವ ಮೊದಲು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಮತ ಕೇಳಲಿಲ್ಲ. ‘ನಿಮ್ಮಲ್ಲಿ ಯಾವ ಲೇಖಕರ ಹೆಸರು ಕಾಡುತ್ತೆ?’ ಅಂತ ಕೇಳಿದೆ. ಗದಗಿನವರು ಕುಮಾರವ್ಯಾಸ ಅಂದರು. ಅವರಲ್ಲಿ ಗದುಗಿನ ನಾರಣಪ್ಪ ಬೇರೆ, ಕುಮಾರವ್ಯಾಸ ಬೇರೆ ಆಗಿ ಕೂತಿದ್ದ. ನಮ್ಮ ಹುಬ್ಬಳ್ಳಿ ಕಡೆಯ ಕೋಳಿವಾಡದವ ಅಂತ ನಾವು, ಗದುಗಿನವ ಅಂತ ಅವರು. ಆ ಜಗಳ 400ನೇ ಫೀಲ್ಡಿಗೆ ಸಂಬಂಧವಿಲ್ಲ, ಆದರೂ ಹತ್ತು ನಿಮಿಷ ನಡೆಯಿತು. ಹಾವೇರಿಯವರದು ಶರೀಫರ ಪಾಡು. ಶರೀಫ, ಷರೀಫ, ಶರೀಫ್, ಶರೀಫಸಾಹೇಬ, ಹಿಂದೆ ‘ಸಂತ’ ಇದ್ದದ್ದು, ಇಲ್ಲದ್ದು. ಅವರ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನವರೇ ಶರೀಫರು, ಅವರ ಕಾಲೇಜಿನಲ್ಲೇ ಏಳು ಥರ ಇತ್ತಂತೆ. ಕೆಲವು ಕಡೆ ಯೂನಿಕೋಡ್ ಅಲ್ಲದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು ಗುರುತೇ ಸಿಗದ ಅಕ್ಷರಗಳಾಗಿ ಬಿದ್ದಿತ್ತು.

ಹೀಗೆ ಹಾಳೆ ತಾನೇ ಆಯಿತು. ಈ ಭಾಗದ ಲೇಖಕರ ಹೆಸರುಗಳ ಒಂದೇ ಅಥಾರಿಟಿ ಫೈಲ್ ಕೂಡಿ ಮಾಡೋಣ, ಗ್ರಂಥಾಲಯಗಳ ದಾಖಲೆಗೆ ಇರುವ ಮಾರ್ಕ್ 21 ಅನ್ನುವ ರೂಪದಲ್ಲಿ ಇಟ್ಟರೆ ಎಲ್ಲರೂ ಇಂಪೋರ್ಟ್ ಮಾಡಿಕೊಳ್ಳಬಹುದು. ಮೊದಲ ವರ್ಷಕ್ಕೆ ಐವತ್ತು ಹೆಸರು. ಅಷ್ಟೇ ಬರೆದೆ. ಐನೂರು ಅಂತ ಬರೆಯುವ ಆಸೆ ಇತ್ತು, ತಡೆದುಕೊಂಡೆ.

ಕೊನೆಯಲ್ಲಿ ನನ್ನದೊಂದು ಎಡವಟ್ಟನ್ನೂ ಸೇರಿಸಿದೆ. ಉಬುಂಟು ಅನ್ನುವ ಲಿನಕ್ಸ್ ಮೇಲೆ ಪ್ಯಾಕೇಜಿನಿಂದ ಕೋಹಾ ಹಾಕಿದರೆ ದಿನಾ ರಾತ್ರಿ ಅದೇ ಬ್ಯಾಕಪ್ ತೆಗೆಯುತ್ತದೆ. ನಾನು ನಿಶ್ಚಿಂತೆಯಾಗಿದ್ದೆ. ಆದರೆ ಅದು ಇಡುವುದು ಅದೇ ಡಿಸ್ಕಿನಲ್ಲಿ. 2019ರಲ್ಲಿ ಡಿಸ್ಕ್ ಕೆಟ್ಟಿತು, ಬ್ಯಾಕಪ್ಪೂ ಅದರ ಜೊತೆಗೇ ಹೋಯಿತು. ಪೆನ್‌ಡ್ರೈವಿನಲ್ಲಿ ಇದ್ದದ್ದು ಹತ್ತೊಂಬತ್ತು ದಿನದ ಹಿಂದಿನದು. ನಮ್ಮ ಅಟೆಂಡರ್ ಯಾರು ಯಾವ ಪುಸ್ತಕ ಒಯ್ದರು ಅಂತ ಹಳೆ ಚಟಕ್ಕೆ ರಿಜಿಸ್ಟರಿನಲ್ಲೂ ಬರೆಯುತ್ತಿದ್ದರು. ‘ಕಂಪ್ಯೂಟರ್ ಇದ್ದಮ್ಯಾಲೆ ಇದ್ಯಾಕ್ರೀ?’ ಅಂತ ಎಷ್ಟೋ ಸಲ ಬೈದಿದ್ದೆ. ಆ ರಿಜಿಸ್ಟರೇ ನನ್ನನ್ನು ಕಾಪಾಡಿತು. ಇದನ್ನು ಓದಿ ಆರು ಜನ ಫೋನ್ ಮಾಡಿ, ‘ನಮ್ಮದೂ ಅದೇ ಡಿಸ್ಕಿನ್ಯಾಗ ಐತ್ರಿ, ಬ್ಯಾರೆ ಕಡೆ ಹಾಕೂದು ಹೆಂಗ್ರಿ?’ ಅಂತ ಕೇಳಿದರು. ಎಂ.ಲಿಬ್ ವಿಷಯ ಯಾರೂ ಕೇಳಲಿಲ್ಲ.

ತೊಡಕು ಬೇರೆ ಕಡೆಯಿಂದ ಬಂತು. ಧಾರವಾಡದ ಸರ್ ಒಬ್ಬರೂ ನಿಂತಿದ್ದರು. ಲಿನಕ್ಸ್ ನನಗಿಂತ ಜಾಸ್ತಿ ಗೊತ್ತಿದ್ದವರು. ‘ಚುನಾವಣಿ ಯಾಕ್ ಬೇಕು, ಸರ್ವಾನುಮತದಿಂದ ಆಗ್ಲಿ, ಮೇಡಂ ನೀವು ಮುಂದಿನ ಸಲ ಆಗ್ರಿ’ ಅಂತ ಇಬ್ಬರು ಹಿರಿಯರು ಪ್ರೀತಿಯಿಂದಲೇ ಹೇಳಿದರು. ಹಿಂದೆ ಸರಿಯುವುದು ಸುಲಭವಿತ್ತು. ನಾನು ನೇರವಾಗಿ ಆ ಸರ್‌ಗೇ ಫೋನ್ ಮಾಡಿದೆ. ‘ಇಬ್ಬರೂ ನಿಲ್ಲೋಣ್ರೀ ಸರ್. ಯಾರು ಸೋತರೂ ಇನ್ನೊಬ್ಬರ ಜೋಡಿ ಕೆಲಸ ಮಾಡೋಣು’ ಅಂದೆ. ಅವರು ನಕ್ಕು, ‘ಛಲೋ ಆತು, ನನಗೂ ಹಿಂಗ ಪುಗಸಟ್ಟೆ ಸಿಕ್ರ ಮಜಾ ಇಲ್ಲ’ ಅಂದರು.

ಹಾವೇರಿಯವರಿಗೆ ಇನ್ನೊಂದು ಅನುಮಾನ. ಹುಬ್ಬಳ್ಳಿಯವರು ಆದರೆ ಎಲ್ಲ ಸಭೆ ಅವಳಿ ನಗರದಲ್ಲೇ ಆಗುತ್ತವೆ ಅಂತ. ತಪ್ಪೇನಲ್ಲ, ಅಲ್ಲಿಯವರೆಗೆ ಹೆಚ್ಚಾಗಿ ಆಗಿದ್ದು ಹಾಗೇ. ವರ್ಷದ ಮೂರರಲ್ಲಿ ಒಂದು ಹಾವೇರಿಯಲ್ಲಿ ಅಂತ ಹಾಳೆಯಲ್ಲೇ ಬರೆದುಕೊಟ್ಟೆ.

ನಿಲ್ಲಬೇಕು ಅನ್ನುವವರಿಗೆ ಒಂದು ಮಾತು: ಪ್ರಿನ್ಸಿಪಾಲರ ಒಪ್ಪಿಗೆ ಮೊದಲೇ ಬರಹದಲ್ಲಿ ತಗೊಳ್ಳಿ. ನನಗೆ ಬಾಯಿಮಾತಿನಲ್ಲಿ ‘ಹೋಗಿ ಬರ್ರಿ’ ಅಂದಿದ್ದರು, ಓಓಡಿ, ಅಂದರೆ ಕರ್ತವ್ಯದ ಮೇಲೆ ಹೊರಗೆ ಹೋಗುವ, ಅರ್ಜಿ ಕೊಟ್ಟ ದಿನ ಮಾತು ಬದಲಾಯಿತು. ಮತದಾನದ ದಿನ ನನ್ನ ಸಿ.ಎಲ್. ಹಾಕಿ ಹೋಗಬೇಕಾಯಿತು.

ಮತದಾನ ಧಾರವಾಡದಲ್ಲಿ. ಮತಚೀಟಿ ಮಾಡಿಸಿರಲಿಲ್ಲ. ಆ ಕಾಲೇಜಿನ ಗ್ರಂಥಪಾಲಕರು ಹಳೆ ಕ್ಯಾಟಲಾಗ್ ಕಾರ್ಡುಗಳ ಒಂದು ಕಟ್ಟು ತಂದರು. ಕೆಳಗೆ ಸರಳು ತೂರಿಸುವ ತೂತು, ಒಂದು ಮಗ್ಗಲು ಟೈಪ್ ಮಾಡಿದ್ದು, ಇನ್ನೊಂದು ಖಾಲಿ. ಖಾಲಿ ಕಡೆ ಹೆಸರು ಬರೆದು, ಅದೇ ಕ್ಯಾಟಲಾಗಿನ ಒಂದು ಡ್ರಾಯರಿನೊಳಗೆ ಹಾಕಿದೆವು. ಎಣಿಸುವಾಗ ನಮ್ಮವರ ಚಟ ನೋಡಿ: ಹೆಸರು ಓದುವ ಮೊದಲು ಎಲ್ಲರೂ ಕಾರ್ಡು ತಿರುವಿ ಯಾವ ಪುಸ್ತಕ ಅಂತ ನೋಡುತ್ತಿದ್ದರು. ಮೂರು ಮತದಿಂದ ನಾನು ಗೆದ್ದೆ. ಧಾರವಾಡದ ಸರ್ ಸರ್ವರ್ ಕೆಲಸ ತಗೊಂಡರು.

ಈಗ ಐವತ್ತರಲ್ಲಿ ಮೂವತ್ತೊಂದು ಹೆಸರು ಆಗಿವೆ. ಬೇಂದ್ರೆ ಒಂದೇ ಸಂಜೆಯಲ್ಲಿ ಮುಗಿದರು. ನಾರಣಪ್ಪನೂ ಕುಮಾರವ್ಯಾಸನೂ ಒಬ್ಬರಾದರು. ಶರೀಫರದು ಮಾತ್ರ ಇನ್ನೂ ನಿಂತಿದೆ. 100ನೇ ಫೀಲ್ಡಿಗೆ ಶ ಹಾಕಬೇಕೋ ಷ ಹಾಕಬೇಕೋ ಅಂತ ಹಾವೇರಿಯ ಇಬ್ಬರಿಗೇ ಒಮ್ಮತ ಆಗಿಲ್ಲ. ಮುಂದಿನ ಸಭೆ ಅವರ ಊರಲ್ಲೇ. ಶಿಗ್ಗಾಂವಿಯಿಂದ ಬರುವವರು ನಾಲ್ಕು ಹಳೆ ಮುದ್ರಣ ತರ್ತೀನಿ ಅಂದಿದ್ದಾರೆ.