ಸರ್ಕಲ್‌ನ ಹೊಗೆ ಅಳೆಯಲು ಕಾಲೇಜಿನ ಕಲರಿಮೀಟರ್ ಸಾಕು

ನಮ್ಮ ಹುಬ್ಬಳ್ಳಿ-ಧಾರವಾಡ 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿದೆ. ಇಲ್ಲಿನ ಗಾಳಿಯ ಮೇಲೆ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳೂ ಜಾಸ್ತಿ. ಆದರೆ ಒಳ್ಳೊಳ್ಳೆ ಪ್ರಾಜೆಕ್ಟ್‌ಗಳು ಬ್ಲ್ಯಾಂಕ್, ಅಂದರೆ ಹೋಲಿಕೆಗೆ ಇಡುವ ಗಾಳಿ ಸೋಕದ ಮಾದರಿ, ಇಲ್ಲದೇ ಹಾಳಾಗುತ್ತವೆ.

ಮೊದಲು ಒಂದು ಮಾತು. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಲೇಸರ್ ಮೀಟರ್ ಇದಕ್ಕೆ ಬೇಡ. ಅದು ಬೆಳಕು ಚದುರುವುದನ್ನು ನೋಡಿ ಧೂಳನ್ನು ಅಂದಾಜು ಮಾಡುತ್ತದೆ, ಮಳೆಗಾಲದ ತೇವದಲ್ಲಿ ಅದನ್ನೂ ಏರಿಸಿ ಹೇಳುತ್ತದೆ. ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅದಕ್ಕೆ ಗೊತ್ತೇ ಆಗುವುದಿಲ್ಲ.

ಬೇಕಾದದ್ದು ಡಿಫ್ಯೂಷನ್ ಟ್ಯೂಬ್. 7.1 ಸೆಂಟಿಮೀಟರ್ ಉದ್ದ, 1.1 ಸೆಂಟಿಮೀಟರ್ ಒಳವ್ಯಾಸ. ಮೇಲಿನ ಮುಚ್ಚಳದೊಳಗೆ ಟ್ರೈಎಥನಾಲಮೈನ್ ಹಚ್ಚಿದ ಸ್ಟೀಲ್ ಜಾಲರಿ ಇರುತ್ತದೆ. ಅನಿಲ ಅಲ್ಲಿಗೆ ಹೋಗಿ ನೈಟ್ರೈಟ್ ಆಗಿ ಕೂರುತ್ತದೆ. ಸೋಡಿಯಂ ಆರ್ಸೆನೈಟ್ ಬಳಸುವ ವಿಧಾನವೂ ಇದೆ, ಆದರೆ ಅದು ವಿಷ. ವಿದ್ಯಾರ್ಥಿಗಳ ಕೈಗೆ ಕೊಡಲೇಬೇಡಿ.

ಚನ್ನಮ್ಮ ಸರ್ಕಲ್‌ನಲ್ಲಿ ಮೂರು, ನೃಪತುಂಗ ಬೆಟ್ಟದಲ್ಲಿ ಮೂರು ಟ್ಯೂಬ್ ಕಟ್ಟಿ. ಅನುಮತಿ ಪಡೆದು, ಕಂಬಕ್ಕೆ ಸುಮಾರು ಮೂರು ಮೀಟರ್ ಎತ್ತರದಲ್ಲಿ, ಬಾಯಿ ಕೆಳಗೆ ಮಾಡಿ. ಮಿರ್ಚಿ ಗಾಡಿಯ ಒಲೆ ಪಕ್ಕ ಬೇಡ. ಕೆಳಗಿನ ಮುಚ್ಚಳ ತೆಗೆದ ಸಮಯ ಬರೆದಿಟ್ಟು, 14 ದಿನಕ್ಕೆ ಮುಚ್ಚಿ ತನ್ನಿ.

ಈಗ ಬ್ಲ್ಯಾಂಕ್. ಅದೇ ದಿನ ತಯಾರಿಸಿದ ಇನ್ನೂ ಮೂರು ಟ್ಯೂಬ್‌ಗಳನ್ನು ಮುಚ್ಚಳ ತೆಗೆಯದೇ ಫ್ರಿಜ್‌ನಲ್ಲಿಡಿ. ಗಾಳಿ ಸೋಕದಿದ್ದರೂ ಇವುಗಳಲ್ಲಿ ತುಸು ಬಣ್ಣ ಬರಬಹುದು. ಅದು ಜಾಲರಿಯದ್ದು, ರಾಸಾಯನಿಕದ್ದು, ಬಹಳ ಸಲ ನೀರಿನದ್ದು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅಂಗಡಿಯ ಬ್ಯಾಟರಿ ವಾಟರ್ ನಡೆಯುತ್ತದೆ ಅಂತ ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಲ್ಯಾಬ್‌ನಲ್ಲೇ ಬಟ್ಟಿ ಇಳಿಸಿದ ಹೊಸ ನೀರೇ ಇರಲಿ.

ಗ್ಲೌಸ್ ಹಾಕಿಕೊಂಡು ಪ್ರತಿ ಟ್ಯೂಬ್‌ಗೂ ನೈಟ್ರೈಟ್ ಇದ್ದರೆ ಬಣ್ಣ ತೋರಿಸುವ ಗ್ರೀಸ್ (Griess) ದ್ರಾವಣ 3 ಮಿಲಿಲೀಟರ್ ಹಾಕಿ ಕುಲುಕಿ. ಅದರಲ್ಲಿರುವುದು ಸಲ್ಫಾನಿಲಮೈಡ್, ಎನ್‌ಇಡಿಎ (ನಾಫ್ತೈಲ್ ಎಥಿಲೀನ್‌ಡೈಅಮೈನ್), ಫಾಸ್ಫಾರಿಕ್ ಆಮ್ಲ. ಅರ್ಧ ಗಂಟೆ ಬಿಡಿ. ನೈಟ್ರೈಟ್ ಇದ್ದಷ್ಟೂ ಗುಲಾಬಿ ಬಣ್ಣ ಗಾಢ. ಈ ಬಣ್ಣ ಹೀರುವುದು ಹಸಿರು ಬೆಳಕನ್ನು. ಅದಕ್ಕೇ ಬಣ್ಣ ಎಷ್ಟು ಗಾಢ ಅಂತ ಅಳೆಯುವ ಕಲರಿಮೀಟರ್‌ನಲ್ಲಿ 540 ನ್ಯಾನೋಮೀಟರ್ ಫಿಲ್ಟರ್.

ಕಲರಿಮೀಟರ್‌ನ ಸೊನ್ನೆಯನ್ನು ಬಟ್ಟಿ ನೀರಿನಿಂದ ಹೊಂದಿಸಿ. ಬ್ಲ್ಯಾಂಕ್‌ಗೇ ಸೊನ್ನೆ ಕೊಟ್ಟು ಮುಗಿಸುವ ಅಡ್ಡದಾರಿ ಬೇಡ. ಅದು ಎಷ್ಟಿತ್ತು ಅಂತ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ, ಅಲ್ವಾ? ಮಿಲಿಲೀಟರ್‌ಗೆ 0ಯಿಂದ 1 ಮೈಕ್ರೋಗ್ರಾಂವರೆಗೆ ನೈಟ್ರೈಟ್ ಇರುವ ಐದಾರು ದ್ರಾವಣ ಮಾಡಿ, ಅದೇ ದಿನ, ಅದೇ ಗ್ರೀಸ್ ದ್ರಾವಣದಲ್ಲಿ ಅಳೆದು ಗ್ರಾಫ್‌ನಲ್ಲಿ ಗೆರೆ ಎಳೆಯಿರಿ. ಕಲರಿಮೀಟರ್‌ನೊಳಗೆ ದ್ರಾವಣ ಇಡುವ ಚಿಕ್ಕ ಪಾತ್ರೆ, ಅಂದರೆ ಕ್ಯುವೆಟ್‌ನ ಒರಟು ಬದಿ ಮಾತ್ರ ಹಿಡಿಯಿರಿ. ನಯವಾದ ಬದಿಗೆ ಬೆರಳಚ್ಚು ಬಿದ್ದರೆ ಅದೂ ಬಣ್ಣದ ಲೆಕ್ಕಕ್ಕೆ ಸೇರುತ್ತದೆ.

ಈ ಅಳತೆಯ ಟ್ಯೂಬ್ 14 ದಿನದಲ್ಲಿ ಹೆಚ್ಚುಕಡಿಮೆ 25 ಲೀಟರ್ ಗಾಳಿಯಲ್ಲಿರುವಷ್ಟು ಅನಿಲ ಹಿಡಿಯುತ್ತದೆ. ಉದಾಹರಣೆಗೆ, ಗೆರೆಯಲ್ಲಿ ಮಿಲಿಲೀಟರ್‌ಗೆ ಟ್ಯೂಬ್ 0.4, ಬ್ಲ್ಯಾಂಕ್ 0.1 ಮೈಕ್ರೋಗ್ರಾಂ ಬಂತು ಅನ್ನಿ. ಕಳೆದರೆ 0.3. ಮೂರು ಮಿಲಿಲೀಟರ್‌ಗೆ 0.9 ಮೈಕ್ರೋಗ್ರಾಂ. ಇದು 25 ಲೀಟರ್ ಗಾಳಿಯದ್ದು, ಅಂದರೆ ಘನ ಮೀಟರ್‌ಗೆ 36 ಮೈಕ್ರೋಗ್ರಾಂ. ಬ್ಲ್ಯಾಂಕ್ ಕಳೆಯದಿದ್ದರೆ ಅದೇ 48! ದೇಶದ ವಾರ್ಷಿಕ ಮಿತಿ 40. ಆದರೆ ಎರಡು ವಾರದ ಅಂಕಿ ವರ್ಷದ ಸರಾಸರಿ ಅಲ್ಲ. ಬೇಸಿಗೆ, ಮಳೆಗಾಲ, ಚಳಿಗಾಲ ಮೂರರಲ್ಲೂ ಅದೇ ಕಂಬಕ್ಕೆ ಮತ್ತೆ ಕಟ್ಟಿ, ಪ್ರತಿ ಸಲ ಹೊಸ ಬ್ಲ್ಯಾಂಕ್ ಜೊತೆಗೆ.